ಇದ್ದಿಲ ಬಸ್ಸಿನ ಹಾಡು

ನಾನು ದೊಡ್ಡಬಳ್ಳಾಪುರಕ್ಕೆ ಸೊಸೆಯಾಗಿ ಬಂದಾಗ ಯುದ್ಧ ನಡೆಯುತ್ತಿತ್ತು. ತವರು ದೇವನಹಳ್ಳಿ. ಅಪ್ಪನಿಗೆ ಕೋಟೆಯ ಒಳಗೆ ಸಣ್ಣದೊಂದು ಸೀರೆ ಅಂಗಡಿ. ಸೀರೆ ಮಾರುವುದನ್ನು ನೋಡುತ್ತ ಬೆಳೆದವಳಿಗೆ ಸೀರೆ ನೇಯುವ ಮನೆ ಹೊಸದು. ನಡುಮನೆಯಲ್ಲೇ ನೆಲ ತೋಡಿ ಇಳಿಸಿದ ಎರಡು ಮಗ್ಗ. ಒಂದರಲ್ಲಿ ಮಾವನವರು, ಇನ್ನೊಂದರಲ್ಲಿ ನನ್ನ ಗಂಡ. ಬೆಳಗಾದರೆ ಸದ್ದು ಶುರು, ದೀಪ ಹಚ್ಚುವವರೆಗೂ ನಿಲ್ಲುವುದಿಲ್ಲ. ಬಂದ ಹೊಸದರಲ್ಲಿ ನಾನು ತಲೆನೋವು ತಡೆಯಲಾಗದೆ ಅಡುಗೆಮನೆಯ ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಕೂತುಬಿಡುತ್ತಿದ್ದೆ. ಒಂದು ದಿನ ಪಕ್ಕದಲ್ಲಿ ಬಂದು ಕೂತವಳು ನನ್ನ ನಾದಿನಿ, ಗಂಡನ ತಂಗಿ. ನನಗಿಂತ ಸ್ವಲ್ಪವೇ ಚಿಕ್ಕವಳು.

"ಸದ್ದು ಅನ್ಕೋಬೇಡಿ ಅತ್ಗೆ. ತಾಳ ಅನ್ಕೊಳಿ. ನೋವು ಬರಲ್ಲ," ಅಂದಳು.

ನನಗೆ ಅದು ತಾಳವಾಗಿ ಕೇಳಿಸಲು ತಿಂಗಳುಗಳೇ ಬೇಕಾದವು. ಅವಳಿಗೆ ಹುಟ್ಟಿದಾಗಿನಿಂದ ಹಾಗೇ ಕೇಳಿಸಿರಬೇಕು. ನಾವಿಬ್ಬರೂ ಮಧ್ಯಾಹ್ನದ ಹೊತ್ತು ಜಗಲಿಯ ಮೇಲೆ ರಾಟೆ ಇಟ್ಟುಕೊಂಡು ಮಗ್ಗಕ್ಕೆ ಬೇಕಾದ ನೂಲನ್ನು ಕದಿರಿಗೆ ಸುತ್ತುತ್ತಿದ್ದೆವು. ಕೈಗೆ ಕೆಲಸ, ಬಾಯಿಗೆ ಬಿಡುವು. ಆಗ ಅವಳು ಹಾಡುತ್ತಿದ್ದಳು.

ಹಾಡು ಎಂದರೆ ಆಗ ನಮಗೆ ಗೊತ್ತಿದ್ದುದು ಕೆಲವೇ ಬಗೆ. ದೇವರ ನಾಮ, ಹಸೆಗೆ ಕರೆಯುವ ಹಾಡು, ಬೀಸುವಾಗ ಅಜ್ಜಿಯರು ಹೇಳುತ್ತಿದ್ದ ಪದಗಳು, ನಾಟಕದ ರಾಜ ಸಾಯುವ ಮೊದಲು ಕಾಲುಗಂಟೆ ಆಲಾಪ ಮಾಡಿ ಹಾಡುವ ಹಾಡು. ರೇಷ್ಮೆ ಸಾಹುಕಾರರ ಮನೆಯಲ್ಲಿ ಒಂದು ಗ್ರಾಮಾಫೋನಿತ್ತು. ಅದರಲ್ಲಿ ಬರುವುದೂ ಇಂಥವೇ. ನಾದಿನಿಯ ಹಾಡುಗಳು ಇವುಗಳಲ್ಲಿ ಯಾವುದೂ ಆಗಿರಲಿಲ್ಲ. ಅವುಗಳನ್ನು ಅವಳೇ ಕಟ್ಟುತ್ತಿದ್ದಳು. ಸಕ್ಕರೆಗೆ ಕಾರ್ಡು ಹಿಡಿದು ಸಾಲಿನಲ್ಲಿ ನಿಂತ ಹೆಂಗಸು ಮುಂದೆ ನಿಂತವಳ ಜಡೆಯನ್ನು ನೋಡುತ್ತ ಯೋಚಿಸುವ ಹಾಡೊಂದಿತ್ತು. ಸ್ಟೇಷನ್ನಿನಲ್ಲಿ ಸಿಪಾಯಿಗಳ ರೈಲು ನಿಂತಾಗ ಅವರಲ್ಲಿ ಯಾರೋ ಬಾಯಲ್ಲಿಟ್ಟು ಊದಿದ ವಾದ್ಯದ ರಾಗ ಇವಳ ಕಿವಿಗೆ ಬಿದ್ದು, ಹಪ್ಪಳ ಒಣಗಿಸುವ ಹಾಡಾಗಿ ಹೊರಬಂದಿತ್ತು. ಬೀದಿಯ ಹೆಂಗಸರು ನಕ್ಕು ಕಲಿತುಕೊಳ್ಳುತ್ತಿದ್ದರು. ಈಗ ರೇಡಿಯೋದಲ್ಲಿ ಮಾತಾಡಿದ ಹಾಗೆ ಹಾಡುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಆಗ ನಮಗೆ ಅದು ಬೆರಗು. ಹಾಡಿನೊಳಗೆ ಒಬ್ಬ ಹುಡುಗಿ ನಿಂತು ತನ್ನ ಪಾಡಿಗೆ ತಾನು ಮಾತಾಡುವುದನ್ನು ನಾವು ಕೇಳಿಯೇ ಇರಲಿಲ್ಲ.

ಬೀದಿಯ ತುದಿಯಲ್ಲಿ ಬೆಂಗಳೂರಿನ ಬಸ್ಸು ನಿಲ್ಲುತ್ತಿತ್ತು. ಪೆಟ್ರೋಲು ಸಿಗದ ಕಾಲ. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಒಲೆ ಕಟ್ಟಿ, ಇದ್ದಿಲು ಸುಟ್ಟು, ಆ ಹೊಗೆಯಲ್ಲಿ ಓಡಿಸುತ್ತಿದ್ದರು. ಕ್ಲೀನರು ಬೆವರು ಸುರಿಸುತ್ತ ಗಾಳಿಯ ಚಕ್ರ ತಿರುಗಿಸಬೇಕು, ಬೆಂಕಿ ಹಿಡಿಯಬೇಕು, ಆಮೇಲೆ ಹೊರಡಬೇಕು. ಅಷ್ಟು ಹೊತ್ತು ಬಸ್ಸು ನಡುಗುತ್ತ ನಿಂತಿರುತ್ತಿತ್ತು. ನಾದಿನಿ ನೀರಿಗೆ ಹೋದವಳು ಬಿಂದಿಗೆ ಸೊಂಟದ ಮೇಲಿಟ್ಟುಕೊಂಡು ನೋಡುತ್ತ ನಿಂತುಬಿಡುವಳು. ಅವಳು ಅದುವರೆಗೆ ಬಸ್ಸು ಹತ್ತಿರಲಿಲ್ಲ. ಒಂದು ಮಧ್ಯಾಹ್ನ ರಾಟೆ ತಿರುಗಿಸುತ್ತ ಹಾಡಿದಳು:

ಇದ್ದಿಲ ಬಸ್ಸೇ ನಿಲ್ಲಪ್ಪಾ,
ನಂಗೂ ಒಂದು ಸೀಟೈತಾ?
ಎಲ್ಲಿಗೆ ಅಂತ ಕೇಳ್ಬೇಡ,
ಹೋಗ್ತಾ ಹೋಗ್ತಾ ಹೇಳ್ತೀನಿ.

ಆಮೇಲೆ ಕಂಡಕ್ಟರು ಕೇಳುತ್ತಾನೆ: "ಜೊತೇಲ್ ಯಾರಮ್ಮಾ, ಜೊತೇಲ್ ಯಾರು?" ಅಲ್ಲಿ ಅವಳು ನಿಲ್ಲಿಸಿಬಿಟ್ಟಳು. ರಾಟೆ ತಿರುಗುತ್ತಲೇ ಇತ್ತು, ಒಳಗೆ ಮಗ್ಗ ಬಡಿಯುತ್ತಲೇ ಇತ್ತು, ಹಾಡು ಮಾತ್ರ ಇಲ್ಲ. ಮರೆತಳೇನೋ ಅಂದುಕೊಂಡು ನಾನು ತಲೆ ಎತ್ತಿದೆ. ಆಗ ತೀರಾ ಮೆಲ್ಲಗೆ, ಹಾಡೂ ಅಲ್ಲ ಮಾತೂ ಅಲ್ಲ ಎಂಬಂಥ ದನಿಯಲ್ಲಿ, "ನಾನೇ" ಅಂದಳು.

"ಅಲ್ಯಾಕೆ ನಿಲ್ಸಿದೆ?" ಅಂದೆ.

"ಅವಳು ಯೋಚ್ನೆ ಮಾಡ್ಬೇಕಲ್ಲ ಅತ್ಗೆ. ಯಾರವ್ರೆ ಜೊತೇಲಿ ಅಂತ ಕೇಳ್ದ ತಕ್ಷಣ ಹೇಳಕ್ಕಾಯ್ತದಾ?"

ಆ ಹಾಡು ಹೇಗೆ ಹಬ್ಬಿತು ಎಂದು ನಾನು ಹೇಳಲಾರೆ. ಎದುರುಮನೆಯವರು ಕಲಿತರು, ಹಿಂದಿನ ಬೀದಿಯವರು ಕಲಿತರು. ಸಾಸಲಿನ ಕಡೆಗೆ ಮದುವೆಯಾಗಿ ಹೋದ ಹುಡುಗಿಯ ಜೊತೆ ಅದೂ ಹೋಯಿತು. ಜಟಕಾದವರು ಕುದುರೆಗೆ ಹೇಳಿದರು. ಬಸ್ಸಿನ ಕಂಡಕ್ಟರು ಟಿಕೆಟ್ಟು ಕೇಳಲು ಬಂದರೆ ಹುಡುಗರು "ಜೊತೇಲ್ ಯಾರಮ್ಮಾ" ಎಂದು ರಾಗ ಎಳೆಯುತ್ತಿದ್ದರಂತೆ. ನಮ್ಮ ಮನೆಯವರು, ಎಂದರೆ ನನ್ನ ಗಂಡ, ಮಗ್ಗದಲ್ಲಿ ಕೂತು ಗುನುಗುತ್ತಿದ್ದರು. ತಂಗಿಯದೇ ಹಾಡು ಎಂದು ಅವರಿಗೆ ಗೊತ್ತಿರಲಿಲ್ಲ. ನನ್ನನ್ನು ನೋಡಲು ದೇವನಹಳ್ಳಿಯಿಂದ ಬಂದ ಅಪ್ಪ ಕಾಲು ತೊಳೆಯುವಾಗ ಅದನ್ನೇ ಹೇಳಿಕೊಳ್ಳುತ್ತಿದ್ದರು.

"ಎಲ್ಲಿ ಕಲಿತ್ಯಪ್ಪಾ ಇದನ್ನ?" ಅಂದೆ.

"ಯಾವ್ದೋ ಹೊಸಾ ಗ್ರಾಮಾಫೋನ್ ಪ್ಲೇಟಿರ್ಬೇಕು ಕಣಮ್ಮ. ಬೆಂಗ್ಳೂರಿಂದ ಬಂದಿರೋದು."

ಎಲ್ಲರೂ ಹಾಗೇ ತಿಳಿದಿದ್ದರು. ಇಂಥ ಹಾಡು ಬೆಂಗಳೂರಿನಿಂದ, ಇಲ್ಲವೇ ಬೊಂಬಾಯಿಯಿಂದ ಬಂದಿರಬೇಕು. ಗುಡಿಯಲ್ಲಿ ಭಜನೆ ಕಲಿಸುವ ಹಿರಿಯರೊಬ್ಬರು, "ರಾಗ ಇಲ್ಲ, ಪಲ್ಲವಿ ಇಲ್ಲ, ನಡೂ ಮಧ್ಯೆ ಮರೆತು ನಿಂತಂಗಿದೆ. ಇದನ್ನ ಹಾಡು ಅಂತಾರಾ?" ಎಂದು ಬೈದುಕೊಳ್ಳುತ್ತಿದ್ದರು. ಬೈಯುವುದಕ್ಕಾಗಿಯೇ ಅದನ್ನು ಪೂರ್ತಿ ಹಾಡಿ ತೋರಿಸುತ್ತಿದ್ದರು.

ಬೀದಿಯ ನಾಲ್ಕಾರು ಹೆಂಗಸರನ್ನು ಬಿಟ್ಟರೆ ಅತ್ತೆಯವರಿಗೆ ಮಾತ್ರ ವಿಷಯ ಗೊತ್ತಿತ್ತು. ಅವರು ನಾದಿನಿಯನ್ನು ಒಲೆಯ ಮುಂದೆ ಕೂರಿಸಿಕೊಂಡು, "ಕಟ್ಟಿದ್ದು ಕಟ್ಟಿದೆ. ಇನ್ಮೇಲೆ ಬಾಯಿ ಮುಚ್ಕೊಂಡಿರು. ನಿಂದು ಅಂತ ಎಲ್ಲೂ ಉಸುರ್ಬೇಡ. ಮದ್ವೆ ಆಗ್ಬೇಕಾದೋಳು," ಅಂದರು. ಅವಳಿಗೆ ಅದರಿಂದ ಬೇಸರವೇನೂ ಆಗಲಿಲ್ಲ. ಬಾವಿಯ ಹತ್ತಿರ ಯಾರಾದರೂ ಹಾಡಿದರೆ ನನ್ನ ಕಡೆ ನೋಡಿ ಕಣ್ಣಲ್ಲೇ ನಗುತ್ತಿದ್ದಳು. ಅಷ್ಟೇ ಅವಳಿಗೆ ಸಾಕಾಗಿತ್ತು.

ಹೊಸಕೋಟೆಯಿಂದ ಸಂಬಂಧ ಬಂತು. ನಮ್ಮವರೇ, ಮಗ್ಗದ ಮನೆಯವರು. ಹುಡುಗ ಕನ್ನಡ ಮಿಡ್ಲ್ ಸ್ಕೂಲು ಓದಿದ್ದ. ಹೆಣ್ಣು ನೋಡಲು ಬಂದಾಗ ನಾದಿನಿ ತಲೆ ಬಗ್ಗಿಸಿ ದೇವರ ನಾಮ ಹಾಡಿದಳು. ಅವರಿಗೆ ಒಪ್ಪಿಗೆಯಾಯಿತು, ತಾಂಬೂಲ ಬದಲಾಯಿಸಿದರು. ಅವರು ಹೋದಮೇಲೆ ನಾನು ಹುಡುಗ ಹೇಗೆ ಎಂದು ಕೇಳಿದೆ.

"ಅಪ್ಪ ಮಗ್ಗ ತೋರಿಸ್ತಿದ್ರಲ್ಲ, ಆಗ ನೋಡಿದ್ರಾ ಅತ್ಗೆ? ತಾಳಕ್ಕೆ ಸರ್ಯಾಗಿ ಬೆರಳು ಆಡಿಸ್ತಿದ್ರು," ಅಂದಳು. ಅವಳು ಅವನನ್ನು ಮೆಚ್ಚಿದ್ದಳು.

ಮಳೆಗಾಲ ಮುಗಿದ ಮೇಲೆ ಒಂದು ನಾಟಕ ಕಂಪನಿ ಬಂದು ಸ್ಟೇಷನ್ನಿನ ಹಾದಿಯ ಬಯಲಿನಲ್ಲಿ ಟೆಂಟು ಹಾಕಿತು. ಸೀಮೆಎಣ್ಣೆಗೆ ಕಂಟ್ರೋಲು ಇದ್ದುದರಿಂದ ಭಾನುವಾರ ಹಗಲು ಹೊತ್ತೇ ಒಂದು ಆಟ ಆಡುತ್ತಿದ್ದರು. ಅತ್ತೆ, ನಾದಿನಿ, ನಾನು ಮತ್ತು ಎದುರುಮನೆಯವರು ಹೋಗಿ ಹೆಂಗಸರ ಕಡೆ ಚಾಪೆಯ ಮೇಲೆ ಕೂತೆವು. ಪೌರಾಣಿಕ ನಾಟಕ. ನಡುನಡುವೆ ಕಥೆಗೆ ಸಂಬಂಧವಿಲ್ಲದ ಹಾಸ್ಯದ ದೃಶ್ಯ. ಅಂಥ ಒಂದು ದೃಶ್ಯದಲ್ಲಿ ನಟಿ ತಲೆಯ ಮೇಲೆ ಟ್ರಂಕು ಹೊತ್ತು ಬಂದು ನಿಂತಳು. ಹಾರ್ಮೋನಿಯಂ ಶುರುವಾಯಿತು. ನಮ್ಮ ಹಾಡು.

ನಾದಿನಿ ನನ್ನ ಮಣಿಕಟ್ಟು ಹಿಡಿದುಕೊಂಡಳು. ನಟಿಯ ದನಿ ಚೆನ್ನಾಗಿತ್ತು. ಎಳೆಯದೆ, ಮಾತಿನ ಹಾಗೇ ಹಾಡಿದಳು. "ಹೋಗ್ತಾ ಹೋಗ್ತಾ ಹೇಳ್ತೀನಿ" ಅನ್ನುವಾಗ ಟೆಂಟೇ ನಿಶ್ಶಬ್ದವಾಯಿತು. ಕಂಡಕ್ಟರ ವೇಷದ ಹಾಸ್ಯಗಾರ ಬಂದು "ಜೊತೇಲ್ ಯಾರು?" ಎಂದು ಕೇಳಿದ. ಅವಳು ಬಾಯಿ ತೆರೆಯುವ ಮೊದಲೇ ಗಂಡಸರ ಕಡೆ ತಿರುಗಿ, ಕಣ್ಣು ಹೊಡೆದು, ಹೆಣ್ಣಿನ ದನಿ ಮಾಡಿ ತಾನೇ ಹಾಡಿದ:

"ಯಾರು ಬಂದ್ರೂ ಸರಿಯಪ್ಪಾ!"

ಟೆಂಟು ಬಿದ್ದುಹೋಗುವ ಹಾಗೆ ನಗು, ಸಿಳ್ಳೆ. ಒನ್ಸ್ ಮೋರ್ ಎಂದು ಕೂಗಿದರು. ಮತ್ತೆ ಹಾಡಿದರು, ಮತ್ತೆ ಅವನು ಅದೇ ಸಾಲು ಹಾಕಿದ. ನಮ್ಮ ಸುತ್ತಲಿನ ಹೆಂಗಸರೂ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು. ನಾದಿನಿ "ನಾನೇ" ಅಂದಳು. ನನ್ನನ್ನು ಬಿಟ್ಟು ಬೇರೆ ಯಾರಿಗೂ ಅದು ಕೇಳಿಸಿರಲಾರದು. ಅತ್ತೆ ಮಾತ್ರ ನಗಲಿಲ್ಲ. ನಾಟಕ ಮುಗಿಯುವ ಮೊದಲೇ ನಮ್ಮನ್ನು ಎಬ್ಬಿಸಿಕೊಂಡು ಹೊರಟುಬಂದರು.

ಅಲ್ಲಿಂದ ಮುಂದೆ ಊರಲ್ಲಿ ಆ ಸಾಲೇ ಹಾಡಾಯಿತು. ಹೆಂಗಸರು ನೀರಿಗೆ ಹೊರಟರೆ ಕಟ್ಟೆಯ ಮೇಲೆ ಕೂತ ಪಡ್ಡೆಗಳು ಅದನ್ನು ಎಸೆಯುವರು. ತುಂಬಿದ ಬಿಂದಿಗೆ ಹೊತ್ತು ತಲೆ ತಗ್ಗಿಸಿಕೊಂಡು ಬರುವುದಲ್ಲದೆ ನಮಗೆ ಬೇರೆ ದಾರಿ ಇರಲಿಲ್ಲ. ಅಷ್ಟರಲ್ಲಿ ಹಾಡು ಕಟ್ಟಿದವಳು ಯಾರು ಎಂಬ ಮಾತೂ ಬೀದಿಯಿಂದ ಆಚೆ ಹೋಗಿತ್ತು. ಯಾರು ಹೇಳಿದರೋ ಗೊತ್ತಾಗಲಿಲ್ಲ. ಕೆಟ್ಟ ಮನಸ್ಸಿನಿಂದ ಹೇಳಿರಲಾರರು; ಮೆಚ್ಚಿಕೆಗೇ ಹೇಳಿರಬಹುದು.

ಸಂಬಂಧ ತಂದಿದ್ದ ಹಿರಿಯರು ಒಂದು ಬೆಳಗ್ಗೆ ಬಂದು ಜಗಲಿಯ ಮೇಲೆ ಕೂತರು. ಒಳಗೆ ಕರೆದರೂ ಬರಲಿಲ್ಲ. "ಕಂಪನೀಲಿ ಆಡ್ಸೋ ಹಾಡು ಕಟ್ಟಿದ ಹುಡುಗಿ ನಮ್ಗೆ ಬ್ಯಾಡ ಅಂತಾವ್ರೆ," ಅಂದರು.

ನಮ್ಮ ಮನೆಯವರಿಗೆ ಆ ದಿನವೇ ವಿಷಯ ತಿಳಿದದ್ದು. ತಂಗಿಯನ್ನು ಬೈಯಲಿಲ್ಲ. ಮಗ್ಗದ ಹಲಗೆ ಹಿಡಿದುಕೊಂಡೇ, "ಅದು ನಿಂದಾ?" ಎಂದಷ್ಟೇ ಕೇಳಿದರು. ಮಾರನೆಯ ದಿನ ಮಾವನವರೂ ಅವರೂ ಹೊಸಕೋಟೆಗೆ ಹೋದರು. ಅಲ್ಲಿ ನಡೆದದ್ದನ್ನು ನನಗೆ ಆಮೇಲೆ ಹೇಳಿದರು. ಮಾವನವರು ಬೀಗರ ಮುಂದೆ ಕೈಮುಗಿದು, "ಆ ಕೊನೇ ಸಾಲು ನಮ್ ಹುಡುಗೀದಲ್ಲ," ಅಂದರಂತೆ. ಹುಡುಗನ ತಂದೆ, "ಮೊದಲ್ನೇ ಸಾಲು ಅವಳ್ದೇ ತಾನೇ? ಒಬ್ಳೇ ಬಸ್ ಹತ್ತೋ ಯೋಚ್ನೆ ಮಾಡಿದ್ಲು ತಾನೇ?" ಅಂದರಂತೆ. ಹುಡುಗ ಒಳಗೇ ಇದ್ದ, ಹೊರಗೆ ಬರಲಿಲ್ಲ.

ಹಾಡನ್ನಾದರೂ ನಿಲ್ಲಿಸೋಣ ಎಂದು ಇಬ್ಬರೂ ಕಂಪನಿಯ ಮಾಲೀಕರ ಹತ್ತಿರ ಹೋದರು. ಆತ ಒಳ್ಳೆಯ ಮನುಷ್ಯನೇ. ಕುರ್ಚಿ ಹಾಕಿಸಿ ಕಾಫಿ ತರಿಸಿದ. "ಇದು ಊರ ಹಾಡು ಸ್ವಾಮಿ, ನಮ್ದಲ್ಲ. ಕಟ್ಟಿದೋರು ಯಾರು ಅಂತ ಹೇಳಿ. ಸ್ಟೇಜ್ ಮೇಲೆ ಕರ್ದು ಹಾರ ಹಾಕ್ತೀನಿ. ಆಮೇಲೆ ಅವ್ರು ಹೆಂಗೆ ಹೇಳಿದ್ರೆ ಹಂಗೆ ಹಾಡಿಸ್ತೀನಿ," ಅಂದ. ಮಾವನವರು ಬಾಯಿ ಬಿಡಲಿಲ್ಲ. ಮಗಳದು ಅಂದರೆ ಊರ ಮುಂದೆ ಮುದ್ರೆ ಒತ್ತಿದ ಹಾಗೆ. ಅನ್ನದಿದ್ದರೆ ಕೇಳುವ ಹಕ್ಕಿಲ್ಲ. ಕಾಫಿಯನ್ನೂ ಮುಟ್ಟದೆ ಎದ್ದು ಬಂದರು.

ಸಂಜೆ ಮಾವನವರು ನೇಯದೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ನಾದಿನಿ ಹತ್ತಿರ ಹೋಗಿ ನಿಂತಳು.

"ನನ್ ಮಗಳ್ದು ಅಂತ ಹೇಳ್ಬಿಡ್ಬೇಕಾಗಿತ್ತು ಅಪ್ಪಾ."

"ಹೇಳಿದ್ರೆ ಏನಾಗ್ತಿತ್ತು ಮಗಾ?"

"ಆ ಸಾಲು ಬಿಡ್ತಿದ್ರು."

"ಜನ ನಿನ್ನ ಬಿಡ್ತಿದ್ರಾ?"

ಅವಳು ಒಳಗೆ ಬಂದಳು.

ಮುಂದಿನ ವಾರ ಅತ್ತೆ ಯಾರದೋ ಬಾಣಂತಿಯನ್ನು ನೋಡಲು ಹೋದ ಹೊತ್ತಿನಲ್ಲಿ, "ನಾನು ಆ ನಟಿ ಹತ್ರ ಮಾತಾಡ್ಬೇಕು ಅತ್ಗೆ," ಅಂದಳು. ನಾನು ಬೇಡವೆನ್ನಲಿಲ್ಲ. ಇಬ್ಬರೂ ಸೆರಗು ಹೊದ್ದು ಹೊರಟೆವು. ಕಂಪನಿಯವರು ಬಯಲಿನ ಪಕ್ಕದ ಒಂದು ಹಳೆಯ ಮನೆಯಲ್ಲಿ ಇಳಿದುಕೊಂಡಿದ್ದರು. ನಟಿ ಹಿತ್ತಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಣ್ಣವಿಲ್ಲದ ಮುಖದಲ್ಲಿ ವಯಸ್ಸು ಕಾಣುತ್ತಿತ್ತು. ನಾವು ನಾಟಕ ನೋಡಿ ಮೆಚ್ಚಿ ಬಂದವರೆಂದು ತಿಳಿದು ಮಣೆ ಕೊಟ್ಟಳು.

ನಾದಿನಿ ತಾನು ಯಾರೆಂದು ಹೇಳಲಿಲ್ಲ. "ಆ ಬಸ್ಸಿನ ಹಾಡು ನಾನು ಒಂದ್ಸಲ ಹೇಳ್ತೀನಿ, ಕೇಳ್ತೀರಾ?" ಅಂದು ಹಾಡಿದಳು. "ಜೊತೇಲ್ ಯಾರು" ಎಂಬಲ್ಲಿ ನಿಲ್ಲಿಸಿದಳು. ನಟಿಯ ಕೈ ಮೊರದಲ್ಲೇ ನಿಂತಿತು. "ನಾನೇ" ಎಂದು ಮುಗಿಸಿದಳು.

"ಕಟ್ಟಿದ್ದು ನೀನೇನಮ್ಮ?" ಅಂದಳು ನಟಿ.

ನಾದಿನಿ ಹೌದೆಂದು ತಲೆಯಾಡಿಸಿದಳು.

"ನಂಗೆ ಒಬ್ಬ ಜಟಕಾದೋನು ಹೇಳ್ಕೊಟ್ಟ. ಅವ್ನೂ ಅಲ್ಲಿ ಹಿಂಗೇ ನಿಲ್ಸಿದ್ದ. ಅದಕ್ಕೇ ನಂಗಿಷ್ಟ ಆಗಿದ್ದು. ಮೊದಲ್ನೇ ಆಟದಲ್ಲಿ ನಾನೂ ಹಂಗೇ ನಿಲ್ಸ್ದೆ ಕಣಮ್ಮ. ಹಾಡು ಮರ್ತೋಯ್ತು ಅನ್ಕೊಂಡು ಸಿಳ್ಳೆ ಹೊಡುದ್ರು, ಚಪ್ಪಲಿ ತೂರಿದ್ರು. ಇನ್ನೊಂದ್ಸಲ ಬಾಯಿ ಖಾಲಿ ಬಿಟ್ರೆ ನೋಡು ಅಂತ ಮಾಲೀಕರು ಆ ಜಾಗ ಹಾಸ್ಯದೋನಿಗೆ ಕೊಟ್ಟುಬಿಟ್ರು."

"ಈಗ ಒಂದ್ಸಲ ನಿಲ್ಸಕ್ಕಾಗಲ್ವಾ? ಒಂದೇ ಆಟದಲ್ಲಿ?"

ನಟಿ ಅಕ್ಕಿಯಲ್ಲಿ ಬೆರಳಾಡಿಸುತ್ತ, "ಹಾಸ್ಯದ ಸೀನಲ್ಲಿ ನಗಿಸ್ಲಿಲ್ಲ ಅಂದ್ರೆ ನನ್ನ ಊರಿಗೆ ಕಳಿಸ್ತಾರೆ. ನನಗೆ ಊರಿಲ್ಲ," ಅಂದಳು. ಆಮೇಲೆ, "ಇದು ಈಗಿನವ್ರ ಹಾಡಲ್ಲ ಕಣಮ್ಮ. ನೀನು ಬೇಗ ಕಟ್ಬಿಟ್ಟೆ," ಅಂದಳು. ಹೊರಡುವಾಗ ಕುಂಕುಮ ಕೊಡಲು ಎದ್ದವಳು, ನಮ್ಮಂಥವರು ತನ್ನ ಕೈಯಿಂದ ತೆಗೆದುಕೊಳ್ಳುತ್ತೇವೋ ಇಲ್ಲವೋ ಎಂದು ಅನುಮಾನಿಸಿ ನಿಂತಳು. ನಾದಿನಿ ತಾನೇ ಹಣೆ ಒಡ್ಡಿದಳು.

ಕಂಪನಿ ನೆಲಮಂಗಲದ ಕಡೆಗೆ ಹೋಯಿತು. ಹಾಡು ಅದಕ್ಕಿಂತ ಮುಂಚೆಯೇ ಅಲ್ಲಿಗೆ ತಲುಪಿತ್ತು. ಮಾವನವರು ಗಂಡು ಹುಡುಕಲು ಹೋದ ಕಡೆಯೆಲ್ಲ ಯಾರಾದರೊಬ್ಬರು ಅದನ್ನು ಗುನುಗುತ್ತಿದ್ದರು. ಇವರು ಮಾತು ತೆಗೆಯದೆ ವಾಪಸು ಬರುತ್ತಿದ್ದರು. ಆ ಹಾಡು ಇರದ ಊರು ಬೇಕು ಎಂದು ಅತ್ತೆ ದೇವರಿಗೆ ಹರಕೆ ಹೊತ್ತರು. ಕೊನೆಗೆ ಹಿಂದೂಪುರದಲ್ಲಿ ಒಂದು ಮನೆ ಸಿಕ್ಕಿತು. ತೆಲುಗಿನವರು, ಕನ್ನಡ ಅಷ್ಟಕ್ಕಷ್ಟೆ. ಗಂಡಿಗೆ ಮೊದಲ ಹೆಂಡತಿ ತೀರಿಕೊಂಡಿದ್ದಳು. ಸಭ್ಯ ಮನುಷ್ಯ. ನಾದಿನಿ ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಮದುವೆಯ ಬೆಳಗ್ಗೆ ನಾನು ಅವಳಿಗೆ ಜಡೆ ಹಾಕುತ್ತಿದ್ದೆ. ಅವಳು, "ಬಿಗಿಯಾಗಿ ಹೆಣೀರಿ ಅತ್ಗೆ, ರೈಲಲ್ಲಿ ಬಿಚ್ಕೋತದೆ," ಅಂದಳು.

ಯುದ್ಧ ಮುಗಿಯಿತು. ಪೆಟ್ರೋಲು ಬಂತು, ಬಸ್ಸುಗಳ ಬೆನ್ನಿನ ಒಲೆ ಬಿಚ್ಚಿದರು. ಸ್ವಾತಂತ್ರ್ಯ ಬಂದ ಮೇಲಿನ ಬೇಸಿಗೆಯಲ್ಲಿ ನಾದಿನಿ ಹೆರಿಗೆಗೆ ಬಂದಳು. ಹೆಣ್ಣು ಮಗು. ಬಾಣಂತನದ ಕೋಣೆಯಲ್ಲಿ ಮಗುವಿಗೆ ಎಣ್ಣೆ ಹಚ್ಚುತ್ತ ಕೂತಿದ್ದಾಗ, ಮನೆಯಲ್ಲಿ ಬೇರೆ ಯಾರೂ ಇಲ್ಲದ್ದನ್ನು ನೋಡಿ, "ಒಂದ್ಸಲ ಆ ಹಾಡು ಹೇಳೇ. ನಿನ್ನ ರೀತೀಲಿ," ಅಂದೆ.

ಅವಳು ನಕ್ಕಳು. "ಅಲ್ಲಿಗೂ ಬಂದೈತೆ ಅತ್ಗೆ. ತೆಲುಗಲ್ಲಿ. ಆ ಕೊನೇ ಸಾಲೂ ತೆಲುಗಾಗೈತೆ. ನಮ್ ಯಜಮಾನ್ರಿಗೆ ಆ ಹಾಡು ಅಂದ್ರೆ ಇಷ್ಟ."

"ನಿಂದು ಅಂತ ಹೇಳಿದ್ಯಾ?"

"ಹೆಂಗ್ ಹೇಳ್ಲಿ?"

ಮಗುವನ್ನು ತೊಡೆಯ ಮೇಲೆ ಸರಿಮಾಡಿಕೊಂಡು ಮೆಲ್ಲಗೆ ಶುರುಮಾಡಿದಳು. ದನಿ ಮೊದಲಿನಂತೆಯೇ ಇತ್ತು. "ಜೊತೇಲ್ ಯಾರಮ್ಮಾ, ಜೊತೇಲ್ ಯಾರು" ಎಂಬಲ್ಲಿಗೆ ಬಂದು ನಿಲ್ಲಿಸಿದಳು. ನಾನು ಕಾದೆ. ಮಾತು ಹೊರಡಲಿಲ್ಲ. ಮತ್ತೊಮ್ಮೆ ಮೊದಲಿನಿಂದ ಹಾಡಿದಳು, ಮತ್ತೆ ಅಲ್ಲಿಗೇ ನಿಂತಿತು.

"ನಿಲ್ಸಿದ್ರೆ ಸಾಕು, ಆ ಹಾಸ್ಯದೋನು ಬಂದ್ಬಿಡ್ತಾನೆ ಅತ್ಗೆ. ನಂದು ಬಾಯಿಗೇ ಬರಲ್ಲ," ಅಂದಳು. "ನೀವ್ ಹೇಳಿ ನೋಡೋಣ."

ನಾನು ಪ್ರಯತ್ನಿಸಿದೆ. ನನ್ನ ಬಾಯಲ್ಲಿ ಅದು ಬರೀ ಒಂದು ಮಾತಾಗಿತ್ತು. ಅವಳು ಅಂದು ಜಗಲಿಯ ಮೇಲೆ ಅದನ್ನು ಅಂದ ರೀತಿ ನನಗೆ ನೆನಪಿತ್ತು, ಗಂಟಲಿಗೆ ಮಾತ್ರ ಇಳಿಯಲಿಲ್ಲ. ಮಗು ಅಳತೊಡಗಿತು, ಅವಳು ಸೆರಗು ಸರಿಸಿ ಹಾಲಿಗೆ ಹಾಕಿಕೊಂಡಳು.

ಅಷ್ಟರಲ್ಲಾಗಲೇ ಬೀದಿಯ ಹೆಂಗಸರ ಬಾಯಲ್ಲಿ ಬೇರೆ ಹಾಡುಗಳು ಬಂದಿದ್ದವು, ಸಿನಿಮಾದವು. ಐದು ತಿಂಗಳಿಗೆ ಅವಳ ಗಂಡ ಬಂದು ಕರೆದುಕೊಂಡು ಹೋದರು. ಆಮೇಲೂ ಎಷ್ಟೋ ಸಲ ಬಂದಳು, ನಾನೂ ಹಿಂದೂಪುರಕ್ಕೆ ಹೋಗಿ ಇದ್ದು ಬಂದೆ. ಮಕ್ಕಳ ಜ್ವರ, ನೂಲಿನ ಅಭಾವ, ಅತ್ತೆಯವರ ಕಾಲುನೋವು ಎಂದು ಮಾತಾಡಲು ನಮಗೆ ಬೇಕಾದಷ್ಟಿತ್ತು. ಅವಳು ಮತ್ತೆ ಹಾಡು ಕಟ್ಟಲಿಲ್ಲ, ನಾನು ಕಟ್ಟು ಎನ್ನಲೂ ಇಲ್ಲ.